ಸಂಜೆಯ ಬಂಡೆ, ರಾತ್ರಿಯ ಗುಹೆ

ಬೆಂಗಳೂರಿನಲ್ಲಿ ಸೂರ್ಯ ಮುಳುಗುವ ಹೊತ್ತು ವರ್ಷವಿಡೀ ಹಿಂದುಮುಂದಾಗುವುದು ಸುಮಾರು ಒಂದು ಗಂಟೆ ಮಾತ್ರ. ಚಳಿಗಾಲದಲ್ಲಿ ಆರರ ಆಸುಪಾಸು, ಜೂನ್ ಜುಲೈನಲ್ಲಿ ಆರೂಮುಕ್ಕಾಲು. ಮುಳುಗಿ ಅರ್ಧ ಗಂಟೆಯೊಳಗೆ ಕತ್ತಲು ಕವಿಯುತ್ತದೆ. ಆಫೀಸು ಮುಗಿಸಿ, ಟ್ರಾಫಿಕ್ಕು ದಾಟಿ, ತುರಹಳ್ಳಿಯ ಬಂಡೆಯ ಬುಡ ಮುಟ್ಟುವಷ್ಟರಲ್ಲಿ ಊರಿನ ದೀಪಗಳು ಹತ್ತಿರುತ್ತವೆ. ಹಾಗಾಗಿ ನಮ್ಮಲ್ಲಿ ಬಂಡೆ ಏರುವವರು ಕೋಳಿ ಕೂಗುವ ಹೊತ್ತಿಗೆ ಎದ್ದು ಹೊರಡುವ ಜನ.

ಇಂಗ್ಲೆಂಡಿನ ಶೆಫೀಲ್ಡಿಗೆ ಕೆಲಸಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ಸಹೋದ್ಯೋಗಿಯೊಬ್ಬ ‘ಬುಧವಾರ ಸಂಜೆ ಆರೂವರೆಗೆ ಬಂಡೆ ಹತ್ತೋಕೆ ಬಾ’ ಎಂದಾಗ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಿದ್ದೆ. ಇಲ್ಲಿ ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ 9.40ರ ಸುಮಾರಿಗೆ. ಆಮೇಲೂ ಮುಕ್ಕಾಲು ಗಂಟೆ ದಾರಿ ಕಾಣುವಷ್ಟು ಬೆಳಕಿರುತ್ತದೆ. ಅದೇ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೂ ಮೊದಲೇ ಕಥೆ ಮುಗಿಯುತ್ತದೆ. ಬಂಡೆ ಹತ್ತುವುದು, ಗುಹೆ ಇಳಿಯುವುದು ಎರಡನ್ನೂ ಅವನ ಸಂಘವೊಂದೇ ಯಾಕೆ ನಡೆಸುತ್ತದೆ ಎಂಬ ನನ್ನ ಅನುಮಾನಕ್ಕೆ ಉತ್ತರ ಸಿಕ್ಕಿದ್ದು ಈ ಆರು ಗಂಟೆಯ ಓಲಾಟದಲ್ಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬುಧವಾರದ ಸಂಜೆ ಬಂಡೆಗೆ. ಉಳಿದ ತಿಂಗಳು ಗುಹೆಗೆ. ಗುಹೆಯೊಳಗೆ ಹಗಲೂ ಒಂದೇ, ರಾತ್ರಿಯೂ ಒಂದೇ.

ಹಾಗೆ ಶುರುವಾದದ್ದು, ಕೊನೆಗೆ ಎರಡು ವರ್ಷ ಆ ಸಂಜೆಗಳನ್ನು ಗೊತ್ತುಮಾಡುವ ಕೆಲಸವೇ ನನ್ನ ತಲೆಗೆ ಬಂತು. ಮೊದಲು ಕಲಿತದ್ದು ಲೆಕ್ಕವನ್ನು ತುದಿಯಿಂದ ಹಾಕುವುದು. ಎಷ್ಟು ಹೊತ್ತಿಗೆ ಹೊರಡೋಣ ಎಂದು ಕೇಳುವ ಮೊದಲು ಎಷ್ಟು ಹೊತ್ತಿಗೆ ಮರಳಬೇಕು ಎಂದು ಬರೆದಿಟ್ಟುಕೊಳ್ಳಬೇಕು. ಮೇ ತಿಂಗಳ ನಡುವಿನ ಒಂದು ಬುಧವಾರ ತೆಗೆದುಕೊಳ್ಳಿ. ಸೂರ್ಯಾಸ್ತ ಒಂಬತ್ತರ ಸುಮಾರಿಗೆ. ಬಂಡೆಯಿಂದ ಕಾರಿಗೆ ಕಾಲು ಗಂಟೆ ನಡಿಗೆ, ಹಗ್ಗ ಸುತ್ತಿ ಸಾಮಾನು ಜೋಡಿಸಲು ಇನ್ನೊಂದು ಕಾಲು ಗಂಟೆ. ಹೊಸಬರೊಬ್ಬರಿರುವ ಜೋಡಿ ಒಂದು ದಾರಿ ಏರಿ ಇಳಿಯಲು ಮುಕ್ಕಾಲು ಗಂಟೆ ಬೇಕೇ ಬೇಕು. ಅಂದರೆ ಎಂಟಾದ ಮೇಲೆ ಹೊಸ ದಾರಿಗೆ ಯಾರೂ ಕೈ ಹಾಕಬಾರದು. ಆರೂವರೆಗೆ ಬಂಡೆಯ ಬುಡದಲ್ಲಿದ್ದರೆ ಸಿಗುವುದು ಎರಡು ದಾರಿ. ಕೈ ಪಳಗಿದ್ದರೆ ಮೂರು. ಕಾರು ಹೊರಡುವುದು ಇಪ್ಪತ್ತು ನಿಮಿಷ ತಡವಾದರೆ ಮೂರನೆಯದು ಹೋಯಿತು. ಹೊಸಬರು ಬೇಸರ ಮಾಡಿಕೊಳ್ಳುವುದು ಇಲ್ಲಿಯೇ. ಆದರೆ ಅರ್ಧ ಏರಿದವನಿಗೆ ಕತ್ತಲಾದರೆ ಕೆಳಗೆ ಹಗ್ಗ ಹಿಡಿದು ಚಳಿಯಲ್ಲಿ ನಿಂತವನಿಗೆ ಆಗುವ ಬೇಸರ ಅದಕ್ಕಿಂತ ದೊಡ್ಡದು.

ಎಲ್ಲಿಗೆ ಹೋಗುವುದೆಂಬ ತೀರ್ಮಾನವನ್ನು ನಕ್ಷೆಗಿಂತ ದಿಕ್ಸೂಚಿ ಚೆನ್ನಾಗಿ ಮಾಡುತ್ತದೆ. ಸಂಜೆಗೆ ಬೇಕಾದದ್ದು ಪಶ್ಚಿಮಕ್ಕೆ ಮುಖ ಮಾಡಿದ ಬಂಡೆ. ಈ ವಿಷಯದಲ್ಲಿ ಶೆಫೀಲ್ಡಿನವರು ಪುಣ್ಯವಂತರು. ಊರಿನ ಮಧ್ಯದಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಪೀಕ್ ಡಿಸ್ಟ್ರಿಕ್ಟ್, 1951ರಲ್ಲಿ ಘೋಷಣೆಯಾದ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ. ಅದರ ಪೂರ್ವದ ಅಂಚಿನಲ್ಲಿ ಕೋಟೆ ಗೋಡೆಯಂತೆ ಸ್ಟ್ಯಾನೇಜ್, ಬರ್ಬೇಜ್, ಫ್ರಾಗಟ್ ಬಂಡೆಸಾಲುಗಳು. ಸ್ಟ್ಯಾನೇಜ್ ಒಂದೇ ಸುಮಾರು ಆರು ಕಿಲೋಮೀಟರ್ ಉದ್ದ. ಏರುವ ದಾರಿಗಳು ಸಾವಿರಕ್ಕೂ ಹೆಚ್ಚು. ಎತ್ತರ ಮಾತ್ರ ನಾಲ್ಕೈದು ಮಹಡಿಯಷ್ಟು, ಸಾವನದುರ್ಗ ಕಂಡವರಿಗೆ ಇದೇನು ಮಹಾ ಅನ್ನಿಸುತ್ತದೆ. ಆದರೆ ಒಂದು ಸಂಜೆಗೆ ಈ ಎತ್ತರವೇ ಸರಿ.

ಇದರ ಕಲ್ಲು ಗ್ರಿಟ್‌ಸ್ಟೋನ್, ಒರಟು ಮರಳುಗಲ್ಲು. ಬಾದಾಮಿಯ ಕಲ್ಲಿನ ದೂರದ ನೆಂಟ ಅನ್ನಬಹುದು. ಹಿಂದೆ ಇದರಲ್ಲಿ ಬೀಸುವ ಕಲ್ಲು ಕಡೆಯುತ್ತಿದ್ದರು. ಕಡೆದು ಯಾರೂ ಒಯ್ಯದೆ ಬಿಟ್ಟ ಕಲ್ಲುಗಳು ಇಂದಿಗೂ ಸ್ಟ್ಯಾನೇಜಿನ ಬುಡದಲ್ಲಿ ಬಿದ್ದಿವೆ. ಗಾಳಿಗೆ ಒಡ್ಡಿಕೊಂಡಿರುವುದರಿಂದ ಮಧ್ಯಾಹ್ನ ಮಳೆ ಬಂದರೂ ಸಂಜೆಗೆ ಒಣಗಿರುವ ಸಾಧ್ಯತೆ ಹೆಚ್ಚು. ತಂಪಾದಷ್ಟೂ ಹಿಡಿತ ಚೆನ್ನ, ಅದಕ್ಕೇ ಇಲ್ಲಿನವರಿಗೆ ಬಿಸಿಲಿನ ಮಧ್ಯಾಹ್ನಕ್ಕಿಂತ ಸಂಜೆಯೇ ಪ್ರೀತಿ. ಗಾಳಿ ಪೂರಾ ನಿಂತರೆ ಮಾತ್ರ ಮಿಜ್ ಎಂಬ ನೊರಜು ಮುತ್ತಿಕೊಳ್ಳುತ್ತದೆ. ಎರಡೂ ಕೈ ಹಗ್ಗದ ಮೇಲಿರುವಾಗ ಮುಖ ಕೆರೆದುಕೊಳ್ಳುವಂತಿಲ್ಲ. ಆ ಹಿಂಸೆ ಅನುಭವಿಸಿದವರಿಗೇ ಗೊತ್ತು.

ಸ್ಟ್ಯಾನೇಜಿಗೆ ಹೋಗುವ ಮೊದಲು ಹಕ್ಕಿಯ ಸುದ್ದಿಯನ್ನೂ ಕೇಳಿಕೊಳ್ಳಬೇಕು. ರಿಂಗ್ ಊಜಲ್ ಎಂಬ, ಎದೆಯ ಮೇಲೆ ಬಿಳಿ ಅರ್ಧಚಂದ್ರವಿರುವ ಕಪ್ಪು ಹಕ್ಕಿ ಚಳಿಗಾಲವನ್ನು ಉತ್ತರ ಆಫ್ರಿಕಾದ ಕಡೆ ಕಳೆದು, ವಸಂತದಲ್ಲಿ ಈ ಬಂಡೆಯ ಸಂದಿಗಳಲ್ಲಿ ಗೂಡು ಕಟ್ಟುತ್ತದೆ. ಗೂಡಿರುವ ಕಡೆ ‘ಈ ದಾರಿ ಸದ್ಯಕ್ಕೆ ಬೇಡ’ ಎಂಬ ಫಲಕ ಇಡುತ್ತಾರೆ. ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾದ ಮೇಲೆ ನಮ್ಮ ಕಡೆಯವರಿಗೂ ಇದು ಹೊಸ ಮಾತಲ್ಲ.

ಜೋಡಿ ಹಾಕುವುದು ಸಂಜೆಯ ಅತಿ ಸೂಕ್ಷ್ಮದ ಕೆಲಸ. ಈ ಬಂಡೆಗಳಿಗೆ ಮೊಳೆ ಹೊಡೆಯುವ ರೂಢಿಯಿಲ್ಲ. ಮುಂದೆ ಹೋಗುವವರು ಕಲ್ಲಿನ ಬಿರುಕಿಗೆ ತಾವೇ ಲೋಹದ ಬೆಣೆ ಸಿಕ್ಕಿಸಿ, ಅದಕ್ಕೆ ಹಗ್ಗ ಹಾಯಿಸಿಕೊಂಡು ಏರುತ್ತಾರೆ. ಹಿಂದೆ ಬರುವವರು ಅದನ್ನೆಲ್ಲ ಬಿಚ್ಚಿಕೊಂಡು ಬರುತ್ತಾರೆ. ಹಾಗಾಗಿ ಎಷ್ಟು ಜನ ಬರುತ್ತಾರೆ ಎಂಬುದಕ್ಕಿಂತ ಮುಂದೆ ಹೋಗಬಲ್ಲವರು ಎಷ್ಟು ಮಂದಿ ಎಂದು ಎಣಿಸಬೇಕು. ಆರು ಮಂದಿ ಬಲ್ಲವರಿದ್ದರೆ ಆರು ಹೊಸಬರು, ಅಷ್ಟೇ. ಏಳನೆಯವರಿಗೆ ‘ಮುಂದಿನ ವಾರ’ ಎನ್ನುವ ಧೈರ್ಯ ಇರಬೇಕು. ನನಗೆ ಅದು ಬರಲು ಒಂದು ಪೂರ್ತಿ ಬೇಸಿಗೆ ಹಿಡಿಯಿತು. ದಾಕ್ಷಿಣ್ಯದ ಊರಿನಿಂದ ಬಂದವನು ನಾನು.

ಸೆಪ್ಟೆಂಬರ್ ಮುಗಿದೊಡನೆ ಬಂಡೆಯ ಹಗ್ಗ ಅಟ್ಟ ಸೇರುತ್ತದೆ, ಗುಹೆಯ ಗಮ್‌ಬೂಟು ಕೆಳಗಿಳಿಯುತ್ತದೆ. ಪೀಕ್ ಡಿಸ್ಟ್ರಿಕ್ಟಿನ ಗುಹೆಗಳಿರುವುದು ಸುಣ್ಣದಕಲ್ಲಿನ ಸೀಮೆಯಲ್ಲಿ, ಕ್ಯಾಸಲ್ಟನ್ ಮತ್ತು ಸ್ಟೋನಿ ಮಿಡಲ್ಟನ್ ಹಳ್ಳಿಗಳ ಸುತ್ತ. ಇಲ್ಲಿಯೇ 1999ರಲ್ಲಿ ಪತ್ತೆಯಾದ ಟೈಟನ್ ಇದೆ. ಒಂದೇ ನೇರಕ್ಕೆ 141 ಮೀಟರ್ ಆಳ, ಬ್ರಿಟನ್ನಿನಲ್ಲಿ ತಿಳಿದಿರುವ ನೈಸರ್ಗಿಕ ಕೂಪಗಳಲ್ಲಿ ಅತಿ ಆಳದ್ದು. ಅದು ಬುಧವಾರದ ಸಂಜೆಯ ಬಾಬತ್ತಲ್ಲ. ಸಂಜೆಗೆ ಒಗ್ಗುವುದು ಹೊಸಬರೂ ತೆವಳಿಕೊಂಡು ಹೋಗಬಹುದಾದ ಕಾರ್ಲ್ಸ್‌ವಾರ್ಕ್, ತೊರೆಯ ಜೊತೆಗೇ ಇಳಿಯುವ ಜೈಂಟ್ಸ್ ಹೋಲ್, ಚಿಕ್ಕ ಏಣಿ ಬೇಕಾಗುವ ಪಿ-8 ಇಂಥವು.

ಒಳಗೆ ವರ್ಷವಿಡೀ ಎಂಟರಿಂದ ಹತ್ತು ಡಿಗ್ರಿ. ಜನವರಿಯಲ್ಲಿ ಹೊರಗಿನ ಚಳಿಯಿಂದ ಒಳಹೊಕ್ಕರೆ ಬೆಚ್ಚಗೇ ಅನ್ನಿಸುತ್ತದೆ. ಹತ್ತು ನಿಮಿಷ ನಿಂತ ಕಡೆ ನಿಂತರೆ ಗೊತ್ತಾಗುತ್ತದೆ ಅದರ ಬಣ್ಣ. ಏಣಿಯಿರುವ ಕಡೆ ತಲೆಗೆ ಐದು ನಿಮಿಷ ಹಿಡಿದರೂ ಹತ್ತು ಜನರ ತಂಡದಲ್ಲಿ ಕೊನೆಯವರು ಮುಕ್ಕಾಲು ಗಂಟೆ ಒದ್ದೆಯಲ್ಲಿ ನಿಂತು ನಡುಗಬೇಕು. ಅದಕ್ಕೆ ನಾಲ್ಕರಿಂದ ಆರು ಜನ. ನಾಲ್ಕಕ್ಕಿಂತ ಕಡಿಮೆ ಯಾಕಿಲ್ಲ ಎಂದರೆ, ಒಬ್ಬರಿಗೆ ಪೆಟ್ಟಾದರೆ ಒಬ್ಬರು ಪಕ್ಕದಲ್ಲಿ ಕೂರಬೇಕು, ಸುದ್ದಿ ಹೇಳಲು ಇಬ್ಬರು ಜೊತೆಯಾಗಿ ಹೊರಗೆ ಹೋಗಬೇಕು. ಒಳಗೆ ಫೋನು ಕೆಲಸ ಮಾಡುವುದಿಲ್ಲ.

ಇನ್ನು ನೀರು. ಕ್ಯಾಸಲ್ಟನ್ ಪಕ್ಕದ ರಷಪ್ ಎಡ್ಜ್ ಗುಡ್ಡದ ಮೇಲೆ ಬಿದ್ದ ಮಳೆ, ನೀರು ಬಿಡದ ಜೇಡಿಪದರದ ಮೇಲೆ ಹರಿದು, ಸುಣ್ಣದಕಲ್ಲು ಶುರುವಾಗುವ ಗೆರೆಯಲ್ಲಿ ತಟ್ಟನೆ ನೆಲದೊಳಗೆ ಇಳಿಯುತ್ತದೆ. ಇಳಿಯುವ ಬಾಯಿಗಳೇ ನಾವು ಇಳಿಯುವ ಬಾಯಿಗಳು. ಆದ್ದರಿಂದ ಸಂಜೆ ಏಳಕ್ಕೆ ಆಕಾಶ ತಿಳಿಯಾಗಿದ್ದರೆ ಸಾಲದು; ಮಧ್ಯಾಹ್ನ ಗುಡ್ಡದ ಮೇಲೆ ಎಷ್ಟು ಬಿತ್ತು, ಹಿಂದಿನ ವಾರ ಬಿದ್ದು ನೆಲ ನೆನೆದಿದೆಯೇ, ಹಿಮ ಕರಗುತ್ತಿದೆಯೇ ಎಂದೆಲ್ಲ ನೋಡಬೇಕು. ಯಾರ್ಕ್‌ಷೈರಿನ ಮಾಸ್‌ಡೇಲ್ ಗುಹೆಯ ದುರಂತವನ್ನು ಇಲ್ಲಿನ ಸಂಘಗಳು ಮರೆತಿಲ್ಲ. 1967ರ ಜೂನ್ 24ರಂದು ಹತ್ತು ಮಂದಿ ಒಳಹೊಕ್ಕರು. ನಾಲ್ವರು ಬೇಗ ಹೊರಬಂದರು. ಅವರಲ್ಲೊಬ್ಬರು ಮತ್ತೆ ಬಾಯಿಯ ಹತ್ತಿರ ಹೋಗಿ ನೋಡಿದಾಗ ಅದು ನೀರಿನಡಿ ಮುಳುಗಿತ್ತು. ಮೈಲಿಗಟ್ಟಲೆ ಬಯಲಲ್ಲಿ ಓಡಿ ಸುದ್ದಿ ಮುಟ್ಟಿಸಿದರೂ ಒಳಗಿದ್ದ ಆರು ತರುಣರು ಉಳಿಯಲಿಲ್ಲ. ನಡು ಬೇಸಿಗೆಯ ದಿನವದು. ಅನುಮಾನದ ಸಂಜೆಗೆಂದು ತೊರೆಯಿಲ್ಲದ ಒಂದು ಗುಹೆಯ ಹೆಸರು ಕಿಸೆಯಲ್ಲಿರಲಿ. ಅದೂ ಬೇಡವೆನಿಸಿದರೆ ಎಲ್ಲರೂ ಪಬ್ಬಿಗೆ ಹೋಗಿ ಆಲೂಗಡ್ಡೆ ತಿನ್ನಲಿ, ಯಾರ ಗಂಟೂ ಹೋಗುವುದಿಲ್ಲ.

ಕೊನೆಯ ಕೊಂಡಿ ಮನೆಯಲ್ಲಿ ಕೂತವರು. ಇಲ್ಲಿನವರು ಇದಕ್ಕೆ ‘ಕಾಲ್‌ಔಟ್’ ಎನ್ನುತ್ತಾರೆ. ಯಾವ ಗುಹೆ, ಯಾವ ಬಾಯಿ, ಎಷ್ಟು ಜನ, ಕಾರಿನ ನಂಬರ್, ಎಷ್ಟಕ್ಕೆ ಹೊರಬರುತ್ತೇವೆ, ಎಷ್ಟಾದರೂ ಸುದ್ದಿಯಿಲ್ಲದಿದ್ದರೆ ಫೋನು ಮಾಡಬೇಕು ಎಂದು ಒಬ್ಬರಿಗೆ ಬರೆದು ಕೊಟ್ಟು ಹೋಗಬೇಕು. ಒಂಬತ್ತೂವರೆಗೆ ಹೊರಬರುವ ಅಂದಾಜಿದ್ದರೆ ಗಡುವು ಹತ್ತೂವರೆ. ಆಗ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸರನ್ನು ಕೇಳಿ, ಅವರ ಬಳಿ ಗುಹಾ ರಕ್ಷಣಾ ತಂಡ ಬೇಕೆಂದು ಹೇಳಬೇಕು. ಬರುವವರು ಸಂಬಳವಿಲ್ಲದ ಸ್ವಯಂಸೇವಕರು, ತಾವೂ ಗುಹೆ ಇಳಿಯುವವರೇ. ನಡುರಾತ್ರಿ ಹಾಸಿಗೆಯಿಂದ ಎದ್ದು ಬರುತ್ತಾರೆ, ಬಿಲ್ಲು ಕೊಡುವುದಿಲ್ಲ.

ನನ್ನ ಕಾಲ್‌ಔಟ್ ನನ್ನ ಹೆಂಡತಿ. ಒಂದು ಫೆಬ್ರವರಿಯ ಬುಧವಾರ ನಾವು ಐದು ಜನ ಹೇಳಿದ ಹೊತ್ತಿಗೆ ಸರಿಯಾಗಿ ಹೊರಬಂದು, ರಸ್ತೆ ಬದಿಯಲ್ಲೇ ಬಟ್ಟೆ ಬದಲಿಸಿ, ಪಬ್ಬಿನ ಬೆಂಕಿಯ ಮುಂದೆ ಕೂತೆವು. ದಪ್ಪ ಕಲ್ಲಿನ ಗೋಡೆ, ಫೋನಿಗೆ ಸಿಗ್ನಲ್ ಇಲ್ಲ. ಸುದ್ದಿ ಕಳಿಸಿದವರು ಇನ್ನೊಬ್ಬರು ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಹತ್ತೂ ಇಪ್ಪತ್ತಾರಕ್ಕೆ ಗಡಿಯಾರ ನೋಡಿ ನನ್ನ ಎದೆ ಧಸಕ್ಕೆಂದಿತು. ಬರೀ ಸಾಕ್ಸಿನಲ್ಲಿ ರಸ್ತೆಗೆ ಓಡಿ ಫೋನು ಹಚ್ಚಿದೆ.

‘ಇನ್ನು ನಾಲ್ಕು ನಿಮಿಷ ಇತ್ತು,’ ಎಂದಳು. ದನಿ ತಣ್ಣಗಿತ್ತು. ‘ಬಿಯರ್ ಚೆನ್ನಾಗಿದ್ಯಾ?’

‘ಇನ್ನೊಂದು ಹತ್ತು ನಿಮಿಷ ನೋಡಬಹುದಿತ್ತಲ್ಲ...’

‘ಹತ್ತೂವರೆ ಅಂತ ಬರೆದವರು ನೀವು. ನಾನು ನೋಡೋದು ಗಡಿಯಾರ, ನಿಮ್ಮ ಮೂಡ್ ಅಲ್ಲ.’

ಒಳ್ಳೆಯ ಕಾಲ್‌ಔಟ್ ಅಂದರೆ ಹೀಗಿರಬೇಕು. ‘ಪಾಪ, ಊಟ ಮಾಡ್ತಿರಬಹುದು’ ಎಂದು ಅರ್ಧ ಗಂಟೆ ರಿಯಾಯಿತಿ ಕೊಡುವವರಿಗೆ ಈ ಕೆಲಸ ವಹಿಸಬೇಡಿ. ಆ ರಾತ್ರಿಯ ನಂತರ ನಮ್ಮ ಸಂಘದಲ್ಲಿ ಒಂದು ಪದ್ಧತಿ ಬಂದಿದೆ: ಗುಹೆಗೆ ಇಳಿಯುವ ಮೊದಲೇ ಸುದ್ದಿ ಕಳಿಸುವವರು ಯಾರೆಂದು ಹೆಸರಿಡುತ್ತೇವೆ, ಉತ್ತರ ಬರುವವರೆಗೆ ಪಬ್ಬಿನ ಬಾಗಿಲು ದಾಟುವುದಿಲ್ಲ.

ವಿಮೆಯ ಬಗ್ಗೆ ಎರಡು ಮಾತು. ಸಂಘಗಳು ಬಂಡೆಗಾದರೆ ಬ್ರಿಟಿಷ್ ಮೌಂಟನೀರಿಂಗ್ ಕೌನ್ಸಿಲ್, ಗುಹೆಗಾದರೆ ಬ್ರಿಟಿಷ್ ಕೇವಿಂಗ್ ಅಸೋಸಿಯೇಷನ್ ಮೂಲಕ ಸದಸ್ಯರಿಗೆ ವಿಮೆ ಮಾಡಿಸುತ್ತವೆ. ಅದು ನಿಮ್ಮಿಂದ ಬೇರೆಯವರಿಗೆ ಆದ ಹಾನಿಗೆ, ನಿಮ್ಮದೇ ಮುರಿದ ಕಾಲಿಗಲ್ಲ.

ಓದಲೋ ಕೆಲಸಕ್ಕೋ ಈ ಕಡೆ ಬಂದಿದ್ದರೆ ಒಂದು ಬುಧವಾರ ಬನ್ನಿ. ಬಹುತೇಕ ಸಂಘಗಳು ಸದಸ್ಯರಾಗುವ ಮೊದಲು ಒಂದೆರಡು ಸಲ ಅತಿಥಿಯಾಗಿ ಕರೆದೊಯ್ಯುತ್ತವೆ. ಹೆಲ್ಮೆಟ್, ತಲೆದೀಪ, ಹಾರ್ನೆಸ್ ಅವರೇ ಕೊಡುತ್ತಾರೆ. ಬೆಚ್ಚಗಿನ ಜಾಕೆಟ್, ಒಂದು ಜೊತೆ ಒಣ ಬಟ್ಟೆ ನೀವು ತನ್ನಿ. ಸಾಕ್ಸ್ ಮಾತ್ರ ಎರಡು ಜೊತೆ ಇರಲಿ.