ನಿಮಗಿದು ಗೊತ್ತೆ? ಹಳೆಯ ಡೇಟಾಬೇಸ್‌ಗೆ ಹೊಸ ಆಕ್ಸೆಸ್ ಸಾಲದು
ಮೈಕ್ರೋಸಾಫ್ಟ್ ಆಕ್ಸೆಸ್ 97ರಲ್ಲಿ ಮಾಡಿಟ್ಟ ಡೇಟಾಬೇಸ್ ಫೈಲನ್ನು ಆಕ್ಸೆಸ್ 2013 ಅಥವಾ ಅದರ ನಂತರದ ಆವೃತ್ತಿಗಳಲ್ಲಿ ತೆರೆಯಲು ಆಗುವುದಿಲ್ಲ. ಆದರೆ ಆಕ್ಸೆಸ್ 2003ರಲ್ಲಿ ಮಾಡಿದ್ದು ತೆರೆದುಕೊಳ್ಳುತ್ತದೆ. ಎರಡರ ಹೆಸರಿನ ಕೊನೆಯಲ್ಲೂ ಇರುವುದು ಅದೇ ‘.ಎಂಡಿಬಿ’, ಹಾಗಾಗಿ ಹೊರನೋಟಕ್ಕೆ ವ್ಯತ್ಯಾಸ ತಿಳಿಯದು. ಒಳಗಿನ ರಚನೆ ಮಾತ್ರ ಬೇರೆ: ಆಕ್ಸೆಸ್ 2000ದ ಜೊತೆ ಬಂದ ಜೆಟ್ 4 ಎಂಜಿನ್ ಅಕ್ಷರಗಳನ್ನು ಯೂನಿಕೋಡ್‌ನಲ್ಲಿ ಇಡತೊಡಗಿತು.

ಹಾಗೆಂದು ಹಳೆಯ ಫೈಲನ್ನು ದಯವಿಟ್ಟು ಅಳಿಸಬೇಡಿ. ಆಕ್ಸೆಸ್ 2007 ಅಥವಾ 2010 ಇರುವ ಕಂಪ್ಯೂಟರ್ ಹುಡುಕಿ, ಮೂಲದ ಒಂದು ಪ್ರತಿ ತೆಗೆದಿಟ್ಟು, ಅಲ್ಲಿ ತೆರೆದು ‘.ಎಸಿಸಿಡಿಬಿ’ ರೂಪದಲ್ಲಿ ಸೇವ್ ಮಾಡಿ. ಲಿನಕ್ಸ್ ಬಳಸುವವರಿಗೆ ‘ಎಂಡಿಬಿ ಟೂಲ್ಸ್’ ಎಂಬ ಉಚಿತ ತಂತ್ರಾಂಶವಿದೆ. ಒಂದು ಎಚ್ಚರಿಕೆ: ಯಾರು ಏನನ್ನು ನೋಡಬಹುದೆಂದು ಬಳಕೆದಾರರಿಗೆ ತಕ್ಕಂತೆ ಹಾಕಿದ್ದ ಹಳೆಯ ನಿರ್ಬಂಧಗಳು ಹೊಸ ರೂಪದಲ್ಲಿ ಉಳಿಯುವುದಿಲ್ಲ.

ಡಿಬೇಸ್ ಎಂಬ ಇನ್ನೊಂದು ಹಳೆಯ ಡೇಟಾಬೇಸ್ ತಂತ್ರಾಂಶದ ‘.ಡಿಬಿಎಫ್’ ಫೈಲುಗಳ ಕಥೆ ಇನ್ನೂ ಸ್ವಾರಸ್ಯ. ಆಕ್ಸೆಸ್ 2013ರಲ್ಲಿ ಅವುಗಳ ಬೆಂಬಲ ಕೈಬಿಟ್ಟ ಮೈಕ್ರೋಸಾಫ್ಟ್, ಬಳಕೆದಾರರ ಒತ್ತಾಯಕ್ಕೆ ಮಣಿದು 2016ರಲ್ಲಿ ಆಫೀಸ್ 365 ಚಂದಾದಾರರಿಗೆ ಅದನ್ನು ಮರಳಿಸಿತು. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೂ ಇವು ತೆರೆಯುತ್ತವೆ.

ಯೂನಿಕೋಡ್‌ಗೆ ಮುಂಚಿನ ಫಾಂಟ್‌ನಲ್ಲಿ ಕನ್ನಡ ತುಂಬಿದ್ದರೆ ಫೈಲ್ ತೆರೆದ ಮೇಲೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣಬಹುದು. ಮಾಹಿತಿ ಹಾಳಾಗಿಲ್ಲ, ಆ ಫಾಂಟ್‌ಗೆ ಹೊಂದುವ ಪರಿವರ್ತಕದಿಂದ ಅದನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.