ಟ್ರೆಮಿ ಕೊಳವೆ: ಬೆಲೆ ತೂಕಕ್ಕಲ್ಲ, ಜೋಡಣೆಗೆ

ಸ್ಥಳದಲ್ಲಿಯೇ ಕಾಂಕ್ರೀಟ್ ಸುರಿದು ನಿರ್ಮಿಸುವ ಪೈಲ್ ಅಡಿಪಾಯವೆಂದೊಡನೆ ಬೃಹತ್ ಹೈಡ್ರಾಲಿಕ್ ರಿಗ್‌ಗಳೇ ನೆನಪಾಗುತ್ತವೆ. ಸಣ್ಣ ಫ್ಯಾಬ್ರಿಕೇಶನ್ ಘಟಕಗಳ ಕೈಗೆ ನಿಲುಕುವುದು ಟ್ರೆಮಿ ಕೊಳವೆ. ನೀರು ಅಥವಾ ಬೆಂಟೊನೈಟ್ ದ್ರಾವಣ ತುಂಬಿದ ಗುಂಡಿಯ ತಳದವರೆಗೆ ಇಳಿಸುವ ಉಕ್ಕಿನ ಕೊಳವೆಯಿದು. ವ್ಯಾಸ ಸಾಮಾನ್ಯವಾಗಿ 200ರಿಂದ 250 ಮಿ.ಮೀ. ಇದರ ಮೂಲಕ ತಳ ಸೇರಿದ ಕಾಂಕ್ರೀಟ್, ದ್ರಾವಣವನ್ನು ಮೇಲಕ್ಕೆ ತಳ್ಳುತ್ತ ತಾನೂ ಏರುತ್ತದೆ.

ಹಾಪರ್ ಮತ್ತು ಕೊಳವೆ ನೀರು ನುಸುಳದ ಮುಚ್ಚಿದ ವ್ಯವಸ್ಥೆಯಾಗಿರಬೇಕೆಂಬುದು ಭಾರತೀಯ ಮಾನಕ 2911ರ ನಿಯಮ. ತಿರುಪಿನ ಜೋಡಣೆ ಸಡಿಲವಾದರೆ ಸಿಮೆಂಟ್ ತೊಳೆದುಹೋಗಿ ಪೈಲ್ ಟೊಳ್ಳಾಗುತ್ತದೆ. ನೆಲದೊಳಗಿನ ಆ ದೋಷ ಕಣ್ಣಿಗೆ ಕಾಣದು, ದುರಸ್ತಿಯ ವೆಚ್ಚದ ಮುಂದೆ ಕೊಳವೆಯ ಬೆಲೆ ಏನೂ ಅಲ್ಲ. ಹೀಗಿದ್ದೂ ಕಿಲೋ ಲೆಕ್ಕದಲ್ಲಿ ದರ ನಮೂದಿಸುವುದು ವ್ಯಾಪಾರ ಜಾಣ್ಮೆಯಲ್ಲ. ಲೇತ್‌ನಲ್ಲಿ ನಿಖರವಾಗಿ ಕಡೆದ ತಿರುಪು, ರಬ್ಬರ್ ಸೀಲು, ರವಾನೆಗೆ ಮುನ್ನ ನೀರಿನೊತ್ತಡದ ಪರೀಕ್ಷೆ, ಇವನ್ನು ದರಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣಿಸಿರಿ. ಬದಲಿ ಸೀಲುಗಳ ಪೂರೈಕೆಯನ್ನೂ ಜೊತೆಗೇ ಒಪ್ಪಿಕೊಳ್ಳಬಹುದು.