ಗುರುತು ನಿಲ್ಲದ ಚರ್ಮ

ಪ್ರಶ್ನೆ: ಹವ್ಯಾಸಕ್ಕೆಂದು ಚರ್ಮದ ಪಟ್ಟಿಯ ಮೇಲೆ ಹೂಬಳ್ಳಿ ಒತ್ತುತ್ತಿದ್ದೇನೆ. ಹೊಡೆದ ಅಚ್ಚು ಮಾಸಿಹೋಗುತ್ತದೆ. ತಪ್ಪು ಉಳಿಯದ್ದೇ?
– ಓದುಗರೊಬ್ಬರು, ತೆಂಗಳಿ (ಕಲಬುರಗಿ ಜಿಲ್ಲೆ)

ಉತ್ತರ: ಉಳಿಯದ್ದಲ್ಲ, ಬಹುಶಃ ಚರ್ಮದ್ದು. ಪೇಟೆಯಲ್ಲಿ ಸಿಗುವ ಮೆತ್ತನೆ ಚರ್ಮ ಹೆಚ್ಚಾಗಿ ಕ್ರೋಮಿಯಂ ಲವಣದಲ್ಲಿ ಹದವಾದದ್ದು. ಒತ್ತಿದಲ್ಲೇ ಮತ್ತೆ ಉಬ್ಬುತ್ತದೆ. ಕೆತ್ತನೆಗೆ ಬೇಕಾದದ್ದು ಜಾಲಿ ತೊಗಟೆ, ಅಳಲೆಕಾಯಿಯ ಒಗರು ಕುಡಿದ ಚರ್ಮ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಗೆ ಬಳಸುವುದು ಇದನ್ನೇ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಾಗ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು.

ಚರ್ಮ ಸರಿಯಿದ್ದರೂ ನೀರಿನ ಹದ ತಪ್ಪಿದರೆ ಕೆಲಸ ಕೆಟ್ಟಿತು. ಒದ್ದೆ ಸ್ಪಂಜಿನಿಂದ ಇಡೀ ತುಂಡನ್ನು ಸವರಿ, ಕಾಯಿರಿ. ಕಪ್ಪಾದ ಬಣ್ಣ ತಿಳಿಯಾಗತೊಡಗಬೇಕು, ಆದರೆ ಕೆನ್ನೆಗೆ ಒತ್ತಿಕೊಂಡರೆ ಇನ್ನೂ ತಣ್ಣಗಿರಬೇಕು. ಆಗ ಹೊಡೆದ ಅಚ್ಚು ಗಾಢ ಕಂದು ಬಣ್ಣದಲ್ಲಿ ಮೂಡಿ, ಹಾಗೇ ನಿಲ್ಲುತ್ತದೆ. ನಿಮ್ಮ ಕಡೆಯ ಬೇಸಿಗೆಯಲ್ಲಿ ಹದ ಬೇಗ ಆರುತ್ತದೆ. ಒದ್ದೆ ಬಟ್ಟೆ ಪಕ್ಕದಲ್ಲಿರಲಿ.

ಹಲಗೆಯ ಮೇಲಿಟ್ಟು ಹೊಡೆಯಬೇಡಿ, ಪೆಟ್ಟನ್ನು ಮರ ನುಂಗುತ್ತದೆ. ಬೇರೆಯವರು ಗ್ರಾನೈಟ್ ತುಂಡು ಹುಡುಕುತ್ತಾರೆ. ನಿಮಗೆ ಶಹಾಬಾದ್ ಪರ್ಸಿ ಕಲ್ಲು ಮನೆಬಾಗಿಲಲ್ಲೇ ಇದೆ! ದಪ್ಪನೆಯ, ನುಣ್ಣನೆಯ ಕಲ್ಲು ಆರಿಸಿ, ಅಲುಗದಂತೆ ನೆಲಕ್ಕೆ ಕೂರಿಸಿ. ಕಬ್ಬಿಣದ ಸುತ್ತಿಗೆ ಅಚ್ಚಿನ ತಲೆ ಕೆಡಿಸುತ್ತದೆ, ಮರದ ಕೊಡತಿಯೇ ಸಾಕು.

ಈ ಕಸುಬಿನ ಸಲಕರಣೆಗಳು ಹಳೆಯವು: ವಚನಕಾರ ಮಾದಾರ ಚೆನ್ನಯ್ಯನ ವಚನಾಂಕಿತದಲ್ಲೇ ಚಮ್ಮಾರರ ಕೈಯುಳಿ, ಕತ್ತಿ, ಅಡಿಗೂಂಟಗಳ ಹೆಸರುಗಳಿವೆ. ಹೊಸ ಸಲಕರಣೆ ಕೊಳ್ಳುವ ಮೊದಲು ನಿಮ್ಮೂರ ಹತ್ತಿರದ ಹಿರಿಯ ಚಮ್ಮಾರರೊಬ್ಬರ ಎದುರು ಅರ್ಧ ದಿನ ಕುಳಿತು, ಅವರು ಅಲಗು ಮಸೆಯುವುದನ್ನು ನೋಡಿ ಬನ್ನಿ.